ಬ್ರೇಕಿನ ದುರಸ್ತಿಗೆ ನ್ಯಾಯವಾದ ಬೆಲೆ

ಅಕ್ಕಿಯನ್ನು ಕೊಳ್ಳುವಾಗ ನಮ್ಮ ದೃಷ್ಟಿ ತಕ್ಕಡಿಯ ಮುಳ್ಳಿನ ಮೇಲಿರುತ್ತದೆ. ಬಟ್ಟೆಯನ್ನು ಕೊಳ್ಳುವಾಗ ಅಳತೆಯ ಕೋಲಿನ ಮೇಲಿರುತ್ತದೆ. ಕಾರಿನ ಬ್ರೇಕನ್ನು ದುರಸ್ತಿಗೆ ಒಪ್ಪಿಸಿದಾಗ ಮಾತ್ರ ನಾವು ಅಳತೆಯನ್ನು ಕೇಳುವುದಿಲ್ಲ. "ಪ್ಯಾಡು ಸವೆದಿದೆ, ಡಿಸ್ಕು ಕೆಟ್ಟಿದೆ, ಎಲ್ಲವನ್ನೂ ಬದಲಾಯಿಸಬೇಕು" ಎಂದು ಮೇಸ್ತ್ರಿಯು ಹೇಳಿದರೆ ಮರುಮಾತಿಲ್ಲದೆ ಹಣ ತೆರುತ್ತೇವೆ. ಇಲ್ಲವೆ, ಇದೆಲ್ಲ ಮೋಸವೆಂದು ಸಂಶಯಪಟ್ಟು, ಏನನ್ನೂ ಮಾಡಿಸದೆ ಕಾರನ್ನು ಮನೆಗೆ ತರುತ್ತೇವೆ. ಮೊದಲನೆಯದರಿಂದ ಹಣಕ್ಕೆ ಹಾನಿ; ಎರಡನೆಯದರಿಂದ ಪ್ರಾಣಕ್ಕೇ ಹಾನಿಯಾಗಬಹುದು. ಈ ಎರಡು ತಪ್ಪುಗಳಿಗೂ ಮೂಲವೊಂದೇ: ಏನು ಎಷ್ಟು ಸವೆದಿದೆಯೆಂಬುದು ನಮಗೆ ತಿಳಿಯದಿರುವುದು.

ಇದು ಅರ್ಥಶಾಸ್ತ್ರಜ್ಞರ ಗಮನವನ್ನು ಸೆಳೆದಿರುವ ಸಮಸ್ಯೆ. ಮೈಕೇಲ್ ಡಾರ್ಬಿ ಮತ್ತು ಎಡಿ ಕಾರ್ನಿ ಎಂಬ ಇಬ್ಬರು ೧೯೭೩ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಇಂಥ ಸೇವೆಗಳನ್ನು ಒಂದು ಪ್ರತ್ಯೇಕ ವರ್ಗವಾಗಿ ವಿಂಗಡಿಸಿದರು. ಮಾವಿನಹಣ್ಣು ಸಿಹಿಯೋ ಹುಳಿಯೋ ಎಂಬುದು ತಿಂದ ಮೇಲಾದರೂ ತಿಳಿಯುತ್ತದೆ. ಆದರೆ ದುರಸ್ತಿಯು ನಿಜವಾಗಿ ಅಗತ್ಯವಿತ್ತೇ ಎಂಬುದು, ದುರಸ್ತಿಯಾದ ಮೇಲೂ ಕೊಂಡವನಿಗೆ ತಿಳಿಯುವುದಿಲ್ಲ. ರೋಗವನ್ನು ಹೇಳುವವನೂ ಔಷಧವನ್ನು ಮಾರುವವನೂ ಒಬ್ಬನೇ ಆಗಿರುವುದರಿಂದ ಈ ತೊಡಕು ಹುಟ್ಟುತ್ತದೆ.

ಆದರೆ ಬ್ರೇಕಿನ ವಿಷಯದಲ್ಲಿ ನಮಗೆ ದೊಡ್ಡದೊಂದು ಅನುಕೂಲವುಂಟು. ಅದರಲ್ಲಿ ಸವೆಯತಕ್ಕ ಭಾಗಗಳು ಬಹುಮಟ್ಟಿಗೆ ಅಳತೆಗೆ ಸಿಕ್ಕುವಂಥವು. ಪ್ರೌಢಶಾಲೆಯ ಭೌತಶಾಸ್ತ್ರವೂ ಮಿಲಿಮೀಟರು ಗುರುತುಗಳಿರುವ ಒಂದು ಪಟ್ಟಿಯೂ ಇದ್ದರೆ ಬಿಲ್ಲಿನ ಹೆಚ್ಚಿನ ಭಾಗವನ್ನು ನಾವೇ ಪರೀಕ್ಷಿಸಬಹುದು. ಅದು ಹೇಗೆಂಬುದನ್ನು ನೋಡೋಣ.

ಬ್ರೇಕು ಮಾಡುವ ಕೆಲಸ

ಚಲಿಸುವ ಕಾರಿನಲ್ಲಿ ಚಲನಶಕ್ತಿಯಿರುವುದಷ್ಟೆ. ೧,೦೦೦ ಕಿಲೋಗ್ರಾಂ ತೂಕದ ಕಾರು ಗಂಟೆಗೆ ೭೨ ಕಿಲೋಮೀಟರು, ಎಂದರೆ ಸೆಕೆಂಡಿಗೆ ೨೦ ಮೀಟರು ವೇಗದಲ್ಲಿ ಹೋಗುತ್ತಿದೆಯೆಂದು ಭಾವಿಸೋಣ. ದ್ರವ್ಯರಾಶಿಯನ್ನು ವೇಗದ ವರ್ಗದಿಂದ ಗುಣಿಸಿ ಅರ್ಧ ಮಾಡಿದರೆ ಅದರ ಚಲನಶಕ್ತಿಯು ೨,೦೦,೦೦೦ ಜೂಲ್ ಎಂದು ದೊರೆಯುತ್ತದೆ. ಅದೇ ಕಾರನ್ನು ಸುಮಾರು ೨೦ ಮೀಟರು ಎತ್ತರಕ್ಕೆ, ಆರು ಅಂತಸ್ತಿನ ಕಟ್ಟಡದ ಮೇಲಕ್ಕೆ, ಎತ್ತಲು ಇಷ್ಟೇ ಶಕ್ತಿ ಬೇಕು. ಕಾರು ನಿಲ್ಲಬೇಕಾದರೆ ಈ ಶಕ್ತಿಯು ಎಲ್ಲಿಗಾದರೂ ಹೋಗಲೇಬೇಕು, ಶಕ್ತಿಯು ನಾಶವಾಗುವುದಿಲ್ಲ. ಸಾಮಾನ್ಯ ಕಾರಿನಲ್ಲಿ ಬ್ರೇಕು ಅದನ್ನು ಘರ್ಷಣೆಯ ಮೂಲಕ ಉಷ್ಣವಾಗಿ ಪರಿವರ್ತಿಸಿ ಗಾಳಿಗೆ ಒಪ್ಪಿಸುತ್ತದೆ.

ಬ್ರೇಕು ಹಾಕಿದೊಡನೆ ಕಾರಿನ ಭಾರವು ಮುಂದಿನ ಚಕ್ರಗಳ ಮೇಲೆ ಹೆಚ್ಚಾಗಿ ಬೀಳುತ್ತದೆ. ಬಸ್ಸು ಥಟ್ಟನೆ ನಿಂತಾಗ ನಾವೆಲ್ಲರೂ ಮುಂದಕ್ಕೆ ಬಾಗುವುದು ಇದೇ ಕಾರಣದಿಂದ. ಆದುದರಿಂದ ಕೆಲಸದ ದೊಡ್ಡ ಪಾಲು ಮುಂದಿನ ಬ್ರೇಕುಗಳದು. ಶೇಕಡ ೭೦ ಭಾಗ, ಎಂದರೆ ೧,೪೦,೦೦೦ ಜೂಲ್, ಮುಂದಿನ ಎರಡು ಡಿಸ್ಕುಗಳಿಗೆ ಹೋಯಿತೆಂದೂ, ಡಿಸ್ಕುಗಳು ತಲಾ ೫ ಕಿಲೋಗ್ರಾಂ ತೂಕದ ಎರಕದ ಕಬ್ಬಿಣದವೆಂದೂ ಇಟ್ಟುಕೊಂಡರೆ, ಒಂದು ಸಲ ನಿಲ್ಲಿಸಿದ್ದರಿಂದಲೇ ಅವುಗಳ ಉಷ್ಣತೆ ಸುಮಾರು ೩೦ ಡಿಗ್ರಿ ಏರುತ್ತದೆ.

ಈಗ ಘಟ್ಟದ ರಸ್ತೆಯನ್ನು ನೆನೆಯಿರಿ. ಆಗುಂಬೆಯಂಥ ಘಟ್ಟದಲ್ಲಿ ಕಾರು ೫೦೦ ಮೀಟರು ಇಳಿದರೆ, ಕಳೆಯಬೇಕಾದ ಶಕ್ತಿಯು ೪೯ ಲಕ್ಷ ಜೂಲ್. ೭೨ ಕಿಲೋಮೀಟರು ವೇಗದಿಂದ ೨೪ ಸಲ ಒಂದೇ ಸಮನೆ ನಿಲ್ಲಿಸುವುದಕ್ಕೆ ಇದು ಸಮ. ಗಾಳಿಯ ತಡೆಯೂ, ಕೆಳಗಿನ ಗೇರಿನಲ್ಲಿರುವ ಎಂಜಿನ್ನೂ ಇದರಲ್ಲಿ ಒಂದು ಪಾಲನ್ನು ಹೊರುತ್ತವೆ. ಉಳಿದುದೆಲ್ಲ ಬ್ರೇಕಿನ ಪಾಲು. ಬ್ರೇಕಿನಲ್ಲಿ ಯಾವುದು ಸವೆಯಿತು, ಯಾವುದು ಕೆಟ್ಟಿತು ಎಂಬ ಪ್ರಶ್ನೆಗಳಿಗೆಲ್ಲ ಈ ಉಷ್ಣವೇ ಹಿನ್ನೆಲೆ.

ಕಾಲಿನಿಂದ ಚಕ್ರದವರೆಗೆ

ಚಾಲಕನ ಕಾಲಿನ ಅಲ್ಪ ಬಲವು ಇಷ್ಟು ದೊಡ್ಡ ಕೆಲಸವನ್ನು ಮಾಡುವುದು ಪಾಸ್ಕಲನ ನಿಯಮದಿಂದ. ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಒಂದೆಡೆ ಒತ್ತಿದರೆ ಆ ಒತ್ತಡವು ಎಲ್ಲೆಡೆಗೂ ಸಮನಾಗಿ ಹರಡುವುದೆಂದು ಬ್ಲೇಸ್ ಪಾಸ್ಕಲನು ತೋರಿಸಿದ್ದು ೧೭ನೆಯ ಶತಮಾನದಲ್ಲಿ. ಪೆಡಲನ್ನು ೨೦೦ ನ್ಯೂಟನ್ ಬಲದಿಂದ ಒತ್ತಿದಾಗ ಪೆಡಲಿನ ಸನ್ನೆಯು ಅದನ್ನು ನಾಲ್ಕರಷ್ಟು ಮಾಡಿ ೮೦೦ ನ್ಯೂಟನ್ ಆಗಿಸಿತೆನ್ನೋಣ. ಆ ಬಲವು ೪ ಚದರ ಸೆಂಟಿಮೀಟರಿನ ಮಾಸ್ಟರ್ ಸಿಲಿಂಡರಿನ ಮೇಲೆ ಬಿದ್ದರೆ ಒತ್ತಡವು ಚದರ ಸೆಂಟಿಮೀಟರಿಗೆ ೨೦೦ ನ್ಯೂಟನ್. ಚಕ್ರದ ಬಳಿ ೨೦ ಚದರ ಸೆಂಟಿಮೀಟರಿನ ಕೊಂತವಿದ್ದರೆ ಅದು ಪ್ಯಾಡನ್ನು ೪,೦೦೦ ನ್ಯೂಟನ್ ಬಲದಿಂದ ಒತ್ತುತ್ತದೆ. ಈಗಿನ ಕಾರುಗಳಲ್ಲಿ ಬಲವರ್ಧಕವೂ ಇರುವುದರಿಂದ ಕಾಲಿನ ಶ್ರಮ ಇನ್ನೂ ಕಡಿಮೆ.

ಈ ತತ್ತ್ವವು ಮಾರಾಟದ ಕಾರಿಗೆ ಬಂದದ್ದು ೧೯೨೧ರ ಸುಮಾರಿಗೆ, ಅಮೆರಿಕದ ಡ್ಯೂಸೆನ್‌ಬರ್ಗ್ ಕಾರಿನಲ್ಲಿ. ತಿರುಗುವ ತಟ್ಟೆಯನ್ನು ಎರಡೂ ಕಡೆಯಿಂದ ಹಿಡಿಯುವ ಡಿಸ್ಕ್ ಬ್ರೇಕಿಗೆ ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರನು ೧೯೦೨ರಲ್ಲಿಯೇ ಪೇಟೆಂಟು ಪಡೆದಿದ್ದರೂ, ೧೯೫೩ರಲ್ಲಿ ಫ್ರಾನ್ಸಿನ ಲ ಮಾನ್ ಪಂದ್ಯವನ್ನು ಡಿಸ್ಕ್ ಬ್ರೇಕಿನ ಜಾಗ್ವಾರ್ ಕಾರು ಗೆದ್ದ ಮೇಲೆಯೇ ಜಗತ್ತು ಅದರತ್ತ ತಿರುಗಿ ನೋಡಿತು. ಇಂದು ನಮ್ಮ ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ ಮುಂದೆ ಡಿಸ್ಕೂ ಹಿಂದೆ ಡ್ರಮ್ಮೂ ಇರುತ್ತವೆ.

ದ್ರವವು ಕುಗ್ಗುವುದಿಲ್ಲವೆಂಬ ನಂಬಿಕೆಯ ಮೇಲೆ ಈ ಏರ್ಪಾಡೆಲ್ಲ ನಿಂತಿದೆ. ಕೊಳವೆಯಲ್ಲಿ ಒಂದಿಷ್ಟು ಗಾಳಿಯೋ ಆವಿಯೋ ಸೇರಿದರೆ ಬಾಯ್ಲನ ನಿಯಮದಂತೆ ಅದು ಕುಗ್ಗುತ್ತದೆ. ಕಾಲಿನ ಚಲನೆಯೆಲ್ಲ ಗಾಳಿಯನ್ನು ಕುಗ್ಗಿಸುವುದರಲ್ಲಿಯೇ ವ್ಯರ್ಥವಾಗುತ್ತದೆ. ಪೆಡಲು ಹತ್ತಿಯನ್ನು ತುಳಿದಂತೆ ಮೆತ್ತಗಾದರೆ ತಪ್ಪು ದ್ರವದ ಕೊಳವೆಗಳಲ್ಲಿದೆಯೆಂದು ಸಂಶಯಿಸಬೇಕು. ಆಗ ಪ್ಯಾಡನ್ನು ಬದಲಾಯಿಸಿದರೆ ಹಣ ಹೋಗುವುದೇ ಹೊರತು ದೋಷ ಹೋಗುವುದಿಲ್ಲ.

ಸವೆಯುವುದು ಯಾವುದು, ಎಷ್ಟು?

ಮೊದಲನೆಯದು ಪ್ಯಾಡು. ಉಕ್ಕಿನ ಹಲಗೆಗೆ ಅಂಟಿಸಿದ ಘರ್ಷಕ ಪದಾರ್ಥವು ಹೊಸದರಲ್ಲಿ ಸಾಮಾನ್ಯವಾಗಿ ೧೦ರಿಂದ ೧೨ ಮಿಲಿಮೀಟರು ದಪ್ಪವಿರುತ್ತದೆ. ಹಲಗೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ, ಈ ಪದಾರ್ಥವು ೩ ಮಿಲಿಮೀಟರಿಗೆ ಇಳಿದಾಗ ಬದಲಾವಣೆಗೆ ಸಿದ್ಧವಾಗುವುದು ಲೇಸು. ಕಟ್ಟಕಡೆಯ ಮಿತಿಯು ಆಯಾ ಕಾರಿನ ಕೈಪಿಡಿಯಲ್ಲಿರುತ್ತದೆ. ಅನೇಕ ಪ್ಯಾಡುಗಳಲ್ಲಿ ಲೋಹದ ಸಣ್ಣ ನಾಲಗೆಯೊಂದಿದ್ದು, ಸವೆತವು ಮಿತಿಗೆ ಬಂದಾಗ ಡಿಸ್ಕಿಗೆ ತಗುಲಿ ಕೀರಲು ದನಿ ಮಾಡುತ್ತದೆ.

ಸವೆತದ ದರವನ್ನೂ ನಾವೇ ಕಟ್ಟಬಹುದು. ೧೧ ಮಿಲಿಮೀಟರಿನ ಪ್ಯಾಡು ೩೦,೦೦೦ ಕಿಲೋಮೀಟರು ಓಡಿದ ಮೇಲೆ ೭ ಮಿಲಿಮೀಟರು ಉಳಿದಿದೆಯೆನ್ನಿ. ೪ ಮಿಲಿಮೀಟರು ಸವೆಯಲು ೩೦,೦೦೦ ಕಿಲೋಮೀಟರು ಹಿಡಿಯಿತು. ಹಾಗೆಯೇ ಓಡಿಸಿದರೆ ೩ ಮಿಲಿಮೀಟರಿಗೆ ಬರಲು ಇನ್ನೂ ಅಷ್ಟೇ ದೂರ ಬೇಕು. ಇಂಥ ಪ್ಯಾಡನ್ನು "ಇಂದೇ ತೆಗೆಸಿ" ಎಂದರೆ ಕಾರಣವನ್ನು ಕೇಳುವುದು ನಮ್ಮ ಹಕ್ಕು.

ಆದರೆ ಒಂದೇ ಚಕ್ರದ ಒಳಗಿನ ಮತ್ತು ಹೊರಗಿನ ಪ್ಯಾಡುಗಳೆರಡನ್ನೂ ಅಳೆಯತಕ್ಕದ್ದು. ಹೊರಗಿನದು ೮, ಒಳಗಿನದು ೩ ಮಿಲಿಮೀಟರು ಇದ್ದರೆ, ಅದು ಸಹಜವಾದ ಸವೆತವಲ್ಲ. ಪ್ಯಾಡನ್ನು ಹಿಡಿದಿರುವ ಕ್ಯಾಲಿಪರು ಜಾರುವ ಕಡ್ಡಿಗಳು ತುಕ್ಕಿನಿಂದಲೋ ಕೊಳೆಯಿಂದಲೋ ಬಿಗಿದಿರಬಹುದು. ಅವನ್ನು ಶುಚಿಮಾಡಿ ತಕ್ಕ ಗ್ರೀಸು ಹಚ್ಚದೆ ಬರಿಯ ಪ್ಯಾಡು ಹಾಕಿದರೆ ಹೊಸತೂ ಬೇಗನೆ ಹಾಗೆಯೇ ಸವೆಯುತ್ತದೆ. ಇಲ್ಲಿ ಶುಚಿಮಾಡುವ ಕೂಲಿಯನ್ನು ಸೇರಿಸಿದ ಬಿಲ್ಲೇ ಪ್ರಾಮಾಣಿಕವಾದ ಬಿಲ್ಲು.

ಎರಡನೆಯದು ಡಿಸ್ಕು. ಇದು ತೆಳುವಾದಷ್ಟೂ ಉಷ್ಣವನ್ನು ತಾಳುವ ಸಾಮರ್ಥ್ಯ ಕುಗ್ಗುತ್ತದೆ. ಎಷ್ಟರವರೆಗೆ ತೆಳುವಾಗಬಹುದೆಂಬುದನ್ನು ತಯಾರಕರು ಅನೇಕ ಡಿಸ್ಕುಗಳ ಮೈಮೇಲೆಯೇ ಅಚ್ಚೊತ್ತಿರುತ್ತಾರೆ. ೨೨ ಮಿಲಿಮೀಟರಿನ ಡಿಸ್ಕಿಗೆ ೨೦ ಮಿಲಿಮೀಟರು ಎಂಬಂಥ ಮಿತಿ ಸಾಮಾನ್ಯ. ಅಂಚಿನಲ್ಲಿ ಸವೆಯದ ಏಣು ಇರುವುದರಿಂದ ಇದನ್ನು ಸಾಮಾನ್ಯ ಪಟ್ಟಿಯಿಂದ ಅಳೆದರೆ ತಪ್ಪಾದೀತು. ಮೈಕ್ರೊಮೀಟರಿನಿಂದ, ಸುತ್ತಲೂ ಹಲವು ಕಡೆ ಅಳೆಯಬೇಕು. ಬ್ರೇಕು ಹಾಕಿದಾಗ ಪೆಡಲು ಮಿಡಿಯುತ್ತಿದ್ದರೆ ಡಿಸ್ಕಿನ ದಪ್ಪವು ಎಲ್ಲೆಡೆ ಸಮನಾಗಿಲ್ಲದಿರುವುದು ಸಾಮಾನ್ಯವಾದೊಂದು ಕಾರಣ. ಆಗ ಮಿತಿಗಿಂತ ದಪ್ಪವಾಗಿದ್ದರೂ ಅದಕ್ಕೆ ಚಿಕಿತ್ಸೆ ಬೇಕು. ಮೇಲ್ಮೈಯಲ್ಲಿ ಗ್ರಾಮೊಫೋನ್ ತಟ್ಟೆಯಂತೆ ಸಣ್ಣ ಗೆರೆಗಳಿರುವುದಾಗಲಿ, ಮಳೆಯಲ್ಲಿ ನಿಂತ ಕಾರಿನ ಡಿಸ್ಕಿಗೆ ಬೆಳಗಾಗುವುದರೊಳಗೆ ತೆಳುವಾದ ತುಕ್ಕು ಹಿಡಿಯುವುದಾಗಲಿ ತಾನೇ ದೋಷವಲ್ಲ.

ಹಿಂದಿನ ಡ್ರಮ್ಮಿಗೆ ಇದರ ವಿಲೋಮವಾದ ನಿಯಮ. ಡ್ರಮ್ಮು ಒಳಮೈಯಲ್ಲಿ ಸವೆಯುವುದರಿಂದ ಅದಕ್ಕೆ ಕನಿಷ್ಠ ದಪ್ಪದ ಬದಲು ಗರಿಷ್ಠ ವ್ಯಾಸವನ್ನು ಗುರುತಿಸಿರುತ್ತಾರೆ. ಹಿಂದಿನ ಬ್ರೇಕಿಗೆ ಕೆಲಸ ಕಡಿಮೆಯಾದುದರಿಂದ ಅದರ ಷೂಗಳು ಮುಂದಿನ ಪ್ಯಾಡುಗಳಿಗಿಂತ ಸಾಮಾನ್ಯವಾಗಿ ಬಹಳ ಹೆಚ್ಚು ಕಾಲ ಬಾಳುತ್ತವೆ. ನಾಲ್ಕು ಚಕ್ರಗಳಿಗೂ ಒಂದೇ ದಿನ ಮುಪ್ಪು ಬಂದಿತೆಂದು ಯಾರಾದರೂ ಹೇಳಿದರೆ ಅಂಕಿಗಳನ್ನು ಕೇಳಲೇಬೇಕು. ಆದರೆ ಮುಂದಿನ ಒಂದು ಚಕ್ರದ ಪ್ಯಾಡು ಹೋದಾಗ ಎರಡೂ ಚಕ್ರಗಳಿಗೆ ಹೊಸತು ಹಾಕುವುದು ಮೋಸವಲ್ಲ. ಹಾಗೆ ಮಾಡದಿದ್ದರೆ ಬ್ರೇಕು ಒಂದು ಕಡೆಗೆ ಎಳೆದೀತು.

ಮೂರನೆಯದು ಬ್ರೇಕ್ ಎಣ್ಣೆ. ಎಣ್ಣೆಯೆಂದು ಕರೆದರೂ ಬಳಕೆಯಲ್ಲಿರುವ ಬಹುಪಾಲು ದ್ರವಗಳು ಖನಿಜ ತೈಲಗಳಲ್ಲ. ಗ್ಲೈಕಾಲ್ ಜಾತಿಯ ಸಂಯುಕ್ತಗಳು. ಇವು ಗಾಳಿಯ ತೇವವನ್ನು ಹೀರುತ್ತವೆ. ಡಾಟ್ ೩ ಎಂಬ ದರ್ಜೆಯ ಹೊಸ ದ್ರವವು ಕುದಿಯುವುದು ೨೦೫ ಡಿಗ್ರಿ ಸೆಲ್ಸಿಯಸ್ಸಿಗೆ ಕಡಿಮೆಯಿಲ್ಲದ ಉಷ್ಣತೆಯಲ್ಲಿ. ಶೇಕಡ ೪ಕ್ಕೂ ಕಡಿಮೆ ನೀರು ಸೇರಿದರೆ ಸಾಕು, ಆ ಕನಿಷ್ಠ ಮಿತಿಯು ೧೪೦ ಡಿಗ್ರಿಗೆ ಇಳಿಯುತ್ತದೆ. ಡಾಟ್ ೪ ದರ್ಜೆಗೆ ಈ ಅಂಕಿಗಳು ೨೩೦ ಮತ್ತು ೧೫೫. ಘಟ್ಟವಿಳಿಯುವಾಗ ಉಷ್ಣವು ಕೊಂತದವರೆಗೆ ಹರಿದು ದ್ರವವು ಕುದಿದರೆ, ಹುಟ್ಟಿದ ಆವಿಯು ಕುಗ್ಗಿ, ಪೆಡಲು ನೆಲವನ್ನು ಮುಟ್ಟುತ್ತದೆ. ಅನೇಕ ತಯಾರಕರು ಎರಡು ವರ್ಷಕ್ಕೊಮ್ಮೆ ದ್ರವವನ್ನು ಬದಲಾಯಿಸಲು ಹೇಳುವುದು ಇದಕ್ಕಾಗಿ. ಬಿಲ್ಲಿನಲ್ಲಿ ಬಹುಶಃ ಅತ್ಯಂತ ಅಗ್ಗವಾದ ಈ ಬಾಬನ್ನೇ ನಾವು ಹೆಚ್ಚಾಗಿ ತಳ್ಳಿಹಾಕುತ್ತೇವೆ.

ಇನ್ನೊಂದು ಸೂಕ್ಷ್ಮವುಂಟು. ಪ್ಯಾಡು ಸವೆದಂತೆ ಕೊಂತವು ಮುಂದಕ್ಕೆ ಬಂದು, ಅದರ ಹಿಂದಿನ ಜಾಗವನ್ನು ದ್ರವವು ತುಂಬುತ್ತದೆ. ಮೇಲಿನ ಡಬ್ಬಿಯಲ್ಲಿ ಮಟ್ಟ ಇಳಿಯುತ್ತದೆ. ಎಚ್ಚರಿಕೆಯ ದೀಪ ಹೊತ್ತಿದಾಗ ಬರಿದೆ ದ್ರವವನ್ನು ತುಂಬಿಸಿ ದೀಪವನ್ನು ಆರಿಸಿದರೆ ಕಾರಣವು ಹಾಗೆಯೇ ಉಳಿಯುತ್ತದೆ. ಮಟ್ಟ ಇಳಿದದ್ದು ಸವೆತದಿಂದಲೋ ಸೋರಿಕೆಯಿಂದಲೋ ಎಂದು ಮೊದಲು ನೋಡಬೇಕು.

ಒಂದು ಬಿಲ್ಲಿನ ಪರೀಕ್ಷೆ

ಲೆಕ್ಕಕ್ಕಾಗಿ ಒಂದು ಬಿಲ್ಲನ್ನು ಕಲ್ಪಿಸಿಕೊಳ್ಳೋಣ. ಇದರ ಬೆಲೆಗಳು ಉದಾಹರಣೆಗಾಗಿ ಮಾತ್ರ. ಕಾರಿನಿಂದ ಕಾರಿಗೆ ಅವು ಬೇರೆಯಾಗುತ್ತವೆ. ಮುಂದಿನ ಪ್ಯಾಡುಗಳು ೨,೪೦೦ ರೂಪಾಯಿ, ಎರಡು ಡಿಸ್ಕುಗಳು ೫,೨೦೦, ಹಿಂದಿನ ಷೂಗಳು ೧,೬೦೦, ದ್ರವ ೫೦೦, ಕೂಲಿ ೨,೩೦೦. ಒಟ್ಟು ೧೨,೦೦೦ ರೂಪಾಯಿ.

ಈಗ ಅಳತೆಗಳನ್ನು ಕೇಳುತ್ತೇವೆ. ಪ್ಯಾಡು ೨ ಮಿಲಿಮೀಟರು ಉಳಿದಿದೆ: ಬದಲಾವಣೆ ಅಗತ್ಯ. ಡಿಸ್ಕು ೨೧.೪ ಮಿಲಿಮೀಟರು, ಮಿತಿ ೨೦, ಪೆಡಲಿನಲ್ಲಿ ಮಿಡಿತವಿಲ್ಲ, ಬಿರುಕಿಲ್ಲ: ಬದಲಾವಣೆ ಅನಗತ್ಯ. ಷೂವಿನ ಪದರವು ೩.೫ ಮಿಲಿಮೀಟರು, ಕೈಪಿಡಿಯ ಮಿತಿ ೧: ಅನಗತ್ಯ. ದ್ರವಕ್ಕೆ ಮೂರು ವರ್ಷವಾಗಿದೆ: ಬದಲಾಯಿಸಬೇಕು. ಡಿಸ್ಕು ಮತ್ತು ಷೂಗಳ ಕೆಲಸವಿಲ್ಲದುದರಿಂದ ಕೂಲಿಯು ೧,೧೦೦ಕ್ಕೆ ಇಳಿಯಿತೆನ್ನೋಣ. ಈಗ ಒಟ್ಟು ೪,೦೦೦ ರೂಪಾಯಿ. ಮೊದಲಿನ ಮೂರರಲ್ಲಿ ಒಂದು ಪಾಲು. ಇಲ್ಲಿ ನಾವು ಯಾರೊಡನೆಯೂ ಚೌಕಾಶಿ ಮಾಡಲಿಲ್ಲ, ಯಾರನ್ನೂ ಕಳ್ಳನೆಂದು ಕರೆಯಲಿಲ್ಲ. ನಾಲ್ಕು ಅಂಕಿಗಳನ್ನು ಕೇಳಿದೆವು, ಅಷ್ಟೆ.

ಇದೇ ಬಿಲ್ಲಿನಲ್ಲಿ ಡಿಸ್ಕಿನ ಅಳತೆ ೨೦.೧ ಮಿಲಿಮೀಟರು ಬಂದಿದ್ದರೆ ತೀರ್ಮಾನವು ತಲೆಕೆಳಗಾಗುತ್ತಿತ್ತು. ಹೊಸ ಪ್ಯಾಡು ತನ್ನ ಬಾಳನ್ನು ಮುಗಿಸುವುದಕ್ಕೆ ಬಹಳ ಮುಂಚೆಯೇ ಡಿಸ್ಕು ಮಿತಿಯನ್ನು ದಾಟುತ್ತದೆ. ಆಗ ೫,೨೦೦ ರೂಪಾಯಿಗಳನ್ನು ಉಳಿಸಹೊರಡುವುದು ಜಾಣತನವಲ್ಲ. ಅಳತೆಯೆಂಬುದು ಗಿರಾಕಿಯ ಪಕ್ಷವನ್ನೂ ವಹಿಸುವುದಿಲ್ಲ, ಮೇಸ್ತ್ರಿಯ ಪಕ್ಷವನ್ನೂ ವಹಿಸುವುದಿಲ್ಲ. ಅದನ್ನು ನಂಬಬಹುದಾದುದೂ ಅದಕ್ಕಾಗಿಯೇ.

ಬಿಡಿಭಾಗಗಳ ಆಯ್ಕೆಯಲ್ಲಿಯೂ ಹೀಗೆಯೇ ಲೆಕ್ಕ ಹಾಕಬೇಕು. ಕೂಲಿ ಸೇರಿ ೩,೦೦೦ ರೂಪಾಯಿ ಬೀಳುವ ಪ್ಯಾಡು ೪೦,೦೦೦ ಕಿಲೋಮೀಟರು ಬಂದರೆ ಕಿಲೋಮೀಟರಿಗೆ ೭.೫ ಪೈಸೆ. ೨,೧೦೦ ರೂಪಾಯಿಯದು ೨೦,೦೦೦ ಕಿಲೋಮೀಟರಿಗೇ ಮುಗಿದರೆ ೧೦.೫ ಪೈಸೆ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಪೇಟೆಯಲ್ಲಿ ಒಂದೇ ಕಾರಿಗೆ ಹಲವು ಬೆಲೆಯ ಪ್ಯಾಡುಗಳು ದೊರೆಯುತ್ತವೆ. ಕಾರಿನ ಕಂಪೆನಿಯ ಮುದ್ರೆಯಿಲ್ಲದ ಮಾತ್ರಕ್ಕೆ ಯಾವುದೂ ಕಳಪೆಯಲ್ಲ. ಆದರೆ ತಯಾರಕನ ಹೆಸರೇ ಇಲ್ಲದ, ಬಿಲ್ಲಿಲ್ಲದ ಪ್ಯಾಡನ್ನು ಬ್ರೇಕಿಗೆ ಹಾಕಿಸಬಾರದು.

ಕಾನೂನಿನ ನೆರವು

ಪೊಟ್ಟಣದಲ್ಲಿ ಮಾರುವ ವಸ್ತುಗಳ ಬಗೆಗಿನ ೨೦೧೧ರ ನಿಯಮಗಳಂತೆ, ಬಿಡಿ ಮಾರಾಟದ ಪೊಟ್ಟಣದ ಮೇಲೆ ಗರಿಷ್ಠ ಬೆಲೆಯನ್ನು ಮುದ್ರಿಸಿರಬೇಕು; ಆ ಬೆಲೆಯು ಎಲ್ಲ ತೆರಿಗೆಗಳನ್ನೂ ಒಳಗೊಂಡದ್ದು. ಪ್ಯಾಡಿನ ಪೊಟ್ಟಣದ ಮೇಲಿನ ಬೆಲೆಗೆ ಮತ್ತೆ ತೆರಿಗೆಯನ್ನು ಕೂಡಿಸಿದರೆ ಅದು ತಪ್ಪು. ಕೂಲಿಯ ಮೇಲಿನ ತೆರಿಗೆ ಬೇರೆಯ ಮಾತು. ಖಾಲಿ ಪೊಟ್ಟಣವನ್ನೂ ತೆಗೆದ ಹಳೆಯ ಭಾಗಗಳನ್ನೂ ಕೇಳಿ ಪಡೆಯುವುದು ಒಳ್ಳೆಯ ರೂಢಿ. ೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆಯು ೨೦೨೦ರ ಜುಲೈ ತಿಂಗಳಿನಲ್ಲಿ ಜಾರಿಗೆ ಬಂದಿತು. ಸೇವೆಗೆ ಬಿಲ್ಲು ಕೊಡದಿರುವುದನ್ನೂ ಅದು ಅನುಚಿತ ವ್ಯಾಪಾರ ಪದ್ಧತಿಗಳಲ್ಲಿ ಸೇರಿಸಿದೆ.

ಬೆಲೆಯ ಪ್ರಶ್ನೆಯು ಗ್ಯಾರೇಜಿನ ಬಾಗಿಲಿನಲ್ಲಿಯೇ ಮುಗಿಯುವುದಿಲ್ಲ. ಭಾರತದ ಸ್ಪರ್ಧಾ ಆಯೋಗವು ೨೦೧೪ರ ಆಗಸ್ಟಿನಲ್ಲಿ ೧೪ ಕಾರು ತಯಾರಕರಿಗೆ ಒಟ್ಟು ಸುಮಾರು ೨,೫೪೪ ಕೋಟಿ ರೂಪಾಯಿ ದಂಡ ವಿಧಿಸಿತು. ಬಿಡಿಭಾಗಗಳೂ ದುರಸ್ತಿಗೆ ಬೇಕಾದ ತಾಂತ್ರಿಕ ಮಾಹಿತಿಯೂ ಸ್ವತಂತ್ರ ಗ್ಯಾರೇಜುಗಳಿಗೆ ದೊರೆಯದಂತೆ ಮಾಡಿ ಸ್ಪರ್ಧೆಯನ್ನು ತಡೆದಿದ್ದಾರೆಂಬುದು ಅದರ ತೀರ್ಮಾನ. ತಯಾರಕರು ಮೇಲ್ಮನವಿಗಳನ್ನು ಸಲ್ಲಿಸಿದರು. ತಿಳಿವಳಿಕೆಯು ಒಂದೇ ಕಡೆ ಕೂಡಿಕೊಂಡಿದ್ದರೆ ಬೆಲೆಯೂ ಆ ಕಡೆಗೇ ವಾಲುತ್ತದೆಂಬುದನ್ನು ಈ ಪ್ರಕರಣವು ದೊಡ್ಡ ಪ್ರಮಾಣದಲ್ಲಿ ತೋರಿಸಿಕೊಟ್ಟಿತು.

ಹಾಗಾದರೆ ನಾವು ಮಾಡತಕ್ಕದ್ದೇನು? ರೋಗನಿರ್ಣಯವನ್ನೂ ಮಾರಾಟವನ್ನೂ ಬೇರ್ಪಡಿಸುವುದು. "ಮೊದಲು ಚಕ್ರಗಳನ್ನು ಕಳಚಿ ಅಳೆದು ಕೊಡಿ, ಅಳೆಯುವುದಕ್ಕೆ ಕೂಲಿ ಕೊಡುತ್ತೇವೆ, ಕೆಲಸವನ್ನು ಆಮೇಲೆ ತೀರ್ಮಾನಿಸೋಣ" ಎಂದು ಹೇಳಬೇಕು. ಅಳೆಯುವುದಕ್ಕೆ ಕೂಲಿ ಸಿಕ್ಕಿದರೆ, ಆ ಶ್ರಮದ ಬೆಲೆಯನ್ನು ಅನಗತ್ಯವಾದ ಬಿಡಿಭಾಗದಲ್ಲಿ ಅಡಗಿಸುವ ಕಾರಣವು ಮೇಸ್ತ್ರಿಗೂ ಇರುವುದಿಲ್ಲ. ಪ್ರತಿ ಚಕ್ರದ ಒಳ ಹೊರ ಪ್ಯಾಡುಗಳ ದಪ್ಪ, ಡಿಸ್ಕಿನ ದಪ್ಪ ಮತ್ತು ಅದರ ಮಿತಿ, ಷೂಗಳ ದಪ್ಪ, ದ್ರವವನ್ನು ಬದಲಾಯಿಸಿದ ತಾರೀಖು, ಇವನ್ನು ಕಿಲೋಮೀಟರಿನೊಡನೆ ಒಂದು ಚೀಟಿಯಲ್ಲಿ ಬರೆಯಿಸಿಕೊಳ್ಳಬೇಕು. ಇನ್ನೊಂದು ಗ್ಯಾರೇಜಿನ ಬೆಲೆಯೊಡನೆ ಹೋಲಿಸುವುದಾದರೆ ಈ ಚೀಟಿಯನ್ನು ಮುಂದಿಟ್ಟು ಹೋಲಿಸಬೇಕು. ಇಲ್ಲವಾದರೆ ಒಬ್ಬರ ಪ್ಯಾಡಿನ ಬೆಲೆಯನ್ನು ಇನ್ನೊಬ್ಬರ ಪ್ಯಾಡು, ಡಿಸ್ಕುಗಳ ಬೆಲೆಯೊಡನೆ ಹೋಲಿಸಿದಂತಾದೀತು. ಪೆಡಲು ಮೆತ್ತಗಾಗಿದ್ದರೆ, ದ್ರವ ಸೋರುತ್ತಿದ್ದರೆ, ಲೋಹವು ಲೋಹವನ್ನು ಉಜ್ಜುವ ಸದ್ದು ಬರುತ್ತಿದ್ದರೆ ಮಾತ್ರ ಹೋಲಿಕೆಗೆಂದು ಊರೆಲ್ಲ ಓಡಿಸಬಾರದು. ಕಾರು ನಿಂತಲ್ಲಿಗೇ ಮೇಸ್ತ್ರಿಯನ್ನು ಕರೆಸಬೇಕು.

ದುರಸ್ತಿಯ ಒಟ್ಟು ವೆಚ್ಚವನ್ನು ತಗ್ಗಿಸುವ ಉಪಾಯವೊಂದು ಚಾಲಕನ ಕಾಲಿನಲ್ಲಿಯೇ ಇದೆ. ವೇಗವು ಅರ್ಧವಾದರೆ ಚಲನಶಕ್ತಿಯು ಕಾಲುಭಾಗವಾಗುತ್ತದೆ. ಮುಂದಿನ ದೀಪ ಕೆಂಪಾದುದನ್ನು ಕಂಡೊಡನೆ ವೇಗವರ್ಧಕದಿಂದ ಕಾಲು ತೆಗೆದು ೭೨ರಿಂದ ೩೬ ಕಿಲೋಮೀಟರಿಗೆ ತಾನಾಗಿ ಇಳಿಯಲು ಬಿಟ್ಟರೆ, ಬ್ರೇಕಿನ ಪಾಲಿಗೆ ೨,೦೦,೦೦೦ ಜೂಲಿನ ಬದಲು ೫೦,೦೦೦ ಮಾತ್ರ ಉಳಿಯುತ್ತದೆ. ವಿದ್ಯುತ್ ಕಾರುಗಳು ಈ ಶಕ್ತಿಯ ಒಂದು ಪಾಲನ್ನು ಮೋಟಾರಿನ ಮೂಲಕ ಬ್ಯಾಟರಿಗೆ ಹಿಂದಿರುಗಿಸುವುದರಿಂದ ಅವುಗಳ ಪ್ಯಾಡು ನಿಧಾನವಾಗಿ ಸವೆಯುತ್ತದೆ. ಆದರೆ ದ್ರವವು ತೇವವನ್ನು ಹೀರುವುದೂ, ಕಡ್ಡಿಗಳು ತುಕ್ಕುಹಿಡಿಯುವುದೂ ಅಲ್ಲಿಯೂ ತಪ್ಪಿದ್ದಲ್ಲ.

ಈ ಲೇಖನವನ್ನು ಓದುವ ವಿದ್ಯಾರ್ಥಿಗಳಲ್ಲಿ ಬಹುಮಂದಿಗೆ ಸ್ವಂತ ಕಾರಿರಲಾರದು. ಮನೆಯಲ್ಲಿಯೋ ನೆರೆಯಲ್ಲಿಯೋ ಒಂದಿದ್ದರೆ, ಮುಂದಿನ ಸಲ ಅದು ಗ್ಯಾರೇಜಿಗೆ ಹೋಗುವಾಗ ಜೊತೆಗೆ ಹೋಗಿ, ಚಕ್ರ ಕಳಚಿದಾಗ ಪಕ್ಕದಲ್ಲಿ ನಿಂತು ನೋಡಿರಿ. ಪ್ಯಾಡಿನ ಹುಡಿಯನ್ನು ಮಾತ್ರ ಊದಬೇಡಿರಿ, ಅದು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. "ಎಷ್ಟು ಮಿಲಿಮೀಟರು ಉಳಿದಿದೆ? ಮಿತಿ ಎಷ್ಟು?" ಎಂದು ಮರ್ಯಾದೆಯಿಂದ ಕೇಳಿರಿ. ಕೆಲಸ ಬಲ್ಲ ಮೇಸ್ತ್ರಿಗೆ ಈ ಪ್ರಶ್ನೆಯಿಂದ ಬೇಸರವಾಗುವುದಿಲ್ಲ; ಅವನ ವಿದ್ಯೆಗೆ ಬೆಲೆ ಕೊಡುವ ಪ್ರಶ್ನೆ ಅದು. ಉತ್ತರವಾಗಿ ಅಂಕಿ ಬಂದರೆ ಹಣವನ್ನು ನಿಶ್ಚಿಂತೆಯಿಂದ ಕೊಡಬಹುದು. ಅಂಕಿಯ ಬದಲು ಬರಿಯ ಹೆದರಿಕೆಯ ಮಾತು ಬಂದರೆ, ಕೈಚೀಲವನ್ನು ತೆರೆಯುವ ಮೊದಲು ಇನ್ನೊಬ್ಬರಿಂದ ಅಳೆಯಿಸುವುದು ಮೇಲು.